ಏಳು ಹಡಗು ಮತ್ತು ಒಂದು ಫ್ಯಾನ್ ರೆಗ್ಯುಲೇಟರ್

"ಇದನ್ನ ಹಾಲಿನ ಕ್ಯಾನು ಅಂತ ಕರೀಬೇಡ!" ಎಂದು ಫಣೀಶ ಗುಡುಗಿದ. "ಇದರ ಹೆಸರು ಕಾಲಮಾಪಕ ಮಹಾಯಂತ್ರ!"

ಅದು ಹಾಲಿನ ಕ್ಯಾನೇ ಆಗಿತ್ತು. ಅದರ ಕುತ್ತಿಗೆಯ ಬಳಿ ಇದ್ದ ತಗ್ಗು ಕೂಡ ಸುಚೇತಾಗೆ ಗೊತ್ತಿತ್ತು. ಏಕೆಂದರೆ ಆ ತಗ್ಗು ಬೀಳಿಸಿದವಳು ಅವಳೇ. ಈಗ ಅದರ ಹೊಟ್ಟೆಯೊಳಗೆ ಎರಡು ಮೂರು ಹಳೇ ರೇಡಿಯೋಗಳ ಕರುಳನ್ನು ತುಂಬಿ, ಕೊರಳಿಗೆ ದೀಪಾವಳಿಯ ಸೀರಿಯಲ್ ಲೈಟು ಸುತ್ತಿ, ಎದೆಯ ಮೇಲೆ ಒಂದು ಹಳೇ ಫ್ಯಾನ್ ರೆಗ್ಯುಲೇಟರ್ ಕೂರಿಸಿದ್ದ ಅವಳ ಗಂಡ. ಒಂದರಿಂದ ಐದರವರೆಗೆ ನಂಬರುಗಳಿದ್ದ, ಕಟ್ ಕಟ್ ಎಂದು ತಿರುಗುವ ಕಪ್ಪು ರೆಗ್ಯುಲೇಟರ್.

ಸೋಫಾದ ಆ ತುದಿಯಲ್ಲಿ ಲಾರೆನ್ಸ್ ತೊಡೆಯ ಮೇಲೊಂದು ಕೇಕಿನ ಡಬ್ಬಿ ಇಟ್ಟುಕೊಂಡು, ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುವವನ ಹಾಗೆ ಕೂತಿದ್ದ. ಮೈಸೂರಿನ ಇದೇ ಒಂಟಿಕೊಪ್ಪಲಿನಲ್ಲಿ, ನಾಲ್ಕು ರಸ್ತೆ ಆಚೆ ಅವನ ಬೇಕರಿ. ಆದರೂ ಈ ಮನೆಯ ಹೊಸ್ತಿಲು ತುಳಿದದ್ದು ಇವತ್ತೇ ಮೊದಲು. ಹದಿನೆಂಟು ವರ್ಷ ಅವನೂ ಫಣೀಶನೂ ಎದುರಾದಾಗಲೆಲ್ಲ ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ಚಪ್ಪಲಿ ನೋಡುತ್ತಿದ್ದ.

ಆಸ್ತಿಯ ಜಗಳವಲ್ಲ, ಹೆಣ್ಣಿನ ಜಗಳವಲ್ಲ. ಜಗಳ ಇದ್ದದ್ದು ಏಳು ಹಡಗುಗಳ ಬಗ್ಗೆ. ಆ ಹಡಗುಗಳೋ, ಲೋಕದ ಯಾವ ಸಮುದ್ರದಲ್ಲೂ ಇರಲಿಲ್ಲ!

ಆ ಕಾಲದಲ್ಲಿ ಸುಚೇತಾಳ ಅಪ್ಪ ಒಂದು ಬ್ರೌಸಿಂಗ್ ಸೆಂಟರ್ ಇಟ್ಟಿದ್ದರು. ಪ್ಲೈವುಡ್ಡಿನ ಗೂಡುಗಳು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ, ಕಂಪ್ಯೂಟರಿನ ತಲೆಯ ಮೇಲೆ ಕುಂಕುಮ ಮತ್ತು ಊದುಬತ್ತಿ. ಕಾಲೇಜು ಮುಗಿಸಿ ಬಂದು ಅವಳು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು, ಬಿಡುವಾದಾಗ ಮೌಸಿನ ಹೊಟ್ಟೆಯ ಗುಂಡು ತೆಗೆದು ಉಗುರಿನಿಂದ ಕೊಳೆ ಕೆರೆಯುತ್ತಿದ್ದಳು. ಒಂದು ಚಿತ್ರ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿದು ಬರುವಷ್ಟರಲ್ಲಿ ಒಂದು ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಅಲ್ಲಿ ಮೂಲೆಯ ಎರಡು ಗೂಡುಗಳಲ್ಲಿ ಫಣೀಶ ಮತ್ತು ಲಾರೆನ್ಸ್ ದೇಶ ಕಟ್ಟುತ್ತಿದ್ದರು.

ಆಟದ ಹೆಸರು 'ಭೂಮಂಡಲ'. ಯಾವುದೋ ದೂರದ ಪುಣ್ಯಾತ್ಮ ನಡೆಸುತ್ತಿದ್ದ ಅಂತರ್ಜಾಲದ ಕಟ್ಟೆ. ಅಲ್ಲಿ ಯಾರು ಬೇಕಾದರೂ ಒಂದು ದೇಶ ಹುಟ್ಟಿಸಿ, ಬಾವುಟ ಬರೆದು, ಸಂವಿಧಾನ ಬರೆದು, ಪಕ್ಕದ ದೇಶದವನೊಂದಿಗೆ ಬರಹದಲ್ಲೇ ವ್ಯಾಪಾರ, ಮದುವೆ, ಯುದ್ಧ ಎಲ್ಲವನ್ನೂ ಮಾಡಬಹುದಿತ್ತು. ಒಂದೇ ಕಟ್ಟುನಿಟ್ಟು. ಪ್ರತಿ ದೇಶವೂ ತನ್ನ ತಂತ್ರಜ್ಞಾನದ ಮಟ್ಟವನ್ನು ಮೊದಲೇ ಸಾರಬೇಕು. ಒಂದು ಕಲ್ಲಿನ ಕಾಲ, ಎರಡು ಕಬ್ಬಿಣದ ಕಾಲ, ಮೂರು ಉಗಿಯ ಕಾಲ, ನಾಲ್ಕು ಕರೆಂಟಿನ ಕಾಲ, ಐದು ಮುಂದಿನ ಕಾಲ. ಬೇರೆ ಬೇರೆ ಮಟ್ಟದ ಎರಡು ದೇಶಗಳು ಸೆಣಸಬೇಕಾದರೆ ಮೊದಲು ಒಂದು ಮಟ್ಟಕ್ಕೆ ಬಂದು, ಇಬ್ಬರು ಅರಸರೂ 'ಒಪ್ಪಿದೆ' ಎಂದು ಬರೆಯಬೇಕು. ಬರೆಯದೆ ಜಗಳವಾಡಿದರೆ ದಂಡ: ಇಬ್ಬರೂ ಒಂದು ಮಟ್ಟ ಕೆಳಗೆ!

ಲಾರೆನ್ಸನ ಅಪ್ಪ ರೈಲ್ವೆಯಲ್ಲಿದ್ದವರು. ಅವನ ಬಂಗಾರಗಿರಿ ರಾಜ್ಯ ಉಗಿಯ ಕಾಲದ್ದು. ಹೊಗೆ ಬಿಡುವ ರೈಲು, ಹಿತ್ತಾಳೆ ಗಂಟೆ, ಏಳು ಉಗಿಹಡಗು. ಫಣೀಶನ ಮಹಾವ್ಯೋಮ ಸಾಮ್ರಾಜ್ಯವೋ ಹುಟ್ಟುವಾಗಲೇ ಐದನೇ ಮಟ್ಟ. ಅಲ್ಲಿ ಹಸುಗಳೂ ಹಾರುತ್ತಿದ್ದವು. ಉಪ್ಪಿನ ದ್ವೀಪವೊಂದರ ಮೇಲೆ ಇಬ್ಬರಿಗೂ ಕಣ್ಣು ಬಿತ್ತು. ಒಂದು ಸಂಜೆ ಫಣೀಶ 'ಒಪ್ಪಿದೆ' ಎನ್ನುವ ಗೋಜಿಗೇ ಹೋಗದೆ ಆಕಾಶದಿಂದ ಒಂದು ಕಿರಣ ಬಿಟ್ಟು ಏಳೂ ಹಡಗು ಮುಳುಗಿಸಿದ. 'ನಿನ್ನ ಕಿರಣ ನನ್ನ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಹಡಗು ಮುಳುಗಿಲ್ಲ' ಎಂದು ಲಾರೆನ್ಸ್ ಬರೆದ. 'ಮುಳುಗಿವೆ' ಎಂದು ಇವನು. 'ಇಲ್ಲ' ಎಂದು ಅವನು. ಆ ಕಟ್ಟೆಯ ಕನ್ನಡದ ಮೂಲೆಗೆ ತೀರ್ಪುಗಾರ್ತಿಯಾಗಿದ್ದವಳು ಸುಚೇತಾ, ಎಲ್ಲರ ಬಾಯಲ್ಲೂ ಜಡ್ಜಮ್ಮ. ಅವಳು ತೀರ್ಪು ಬರೆಯಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಲಾರೆನ್ಸ್ ಎದ್ದು ಹೊರಟವನು ಮತ್ತೆ ಬರಲಿಲ್ಲ.

ಆಮೇಲೆ ಸುಚೇತಾ ಫಣೀಶನನ್ನೇ ಮದುವೆಯಾದಳು. ಮದುವೆಗೆ ಲಾರೆನ್ಸ್ ಬರಲಿಲ್ಲ, ಒಂದು ಕೇಕು ಬಂತು. ನೀಲಿ ಕೆನೆಯ ಸಮುದ್ರದ ಮೇಲೆ ಸಕ್ಕರೆಯ ಏಳು ಹಡಗು, ಏಳೂ ಧಿಮಾಕಿನಿಂದ ತೇಲುತ್ತಿದ್ದವು! ಮದುಮಗ ಒಂದು ಹಡಗನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಹೋದ ವಾರ ಭೂಮಂಡಲದಿಂದ ಸೂಚನೆ ಬಂತು. ಶನಿವಾರ ಸಂಜೆ ಆರಕ್ಕೆ ಕಟ್ಟೆ ಮುಚ್ಚುತ್ತದೆ, ದೇಶಗಳೆಲ್ಲ ಅಳಿಸಿಹೋಗುತ್ತವೆ. ಸುಚೇತಾ ಅದನ್ನು ಎರಡು ಸಲ ಓದಿದಳು. ಅಪ್ಪನೂ ಇಲ್ಲ, ಅಂಗಡಿಯೂ ಇಲ್ಲ, ಆ ಜಾಗದಲ್ಲಿ ಈಗ ಮೊಬೈಲಿಗೆ ಗಾಜು ಅಂಟಿಸುತ್ತಾರೆ. ಉಳಿದಿದ್ದು ಅದೊಂದು ಪುಟ, ಅದರ ಮೇಲೆ ಮುಗಿಯದ ಒಂದು ಜಗಳ. ಮುಚ್ಚುವ ಮೊದಲು ಅವರಿಬ್ಬರೂ ಅಲ್ಲಿ 'ಒಪ್ಪಿದೆ' ಎಂದು ಬರೆಯಲೇಬೇಕು ಎಂದು ಹಟ ಹಿಡಿದು ಲಾರೆನ್ಸನಿಗೆ ಫೋನು ಮಾಡಿದವಳು ಅವಳೇ. ಫಣೀಶ ಮಾತ್ರ ಸುಮ್ಮನೆ ಕೂತು ಬರೆಯುವ ಜಾತಿಯವನಲ್ಲ. ಸಂಧಿಗೆ ತಕ್ಕ ವಾತಾವರಣ ಬೇಕೆಂದು ವಾರವಿಡೀ ತಟ್ಟಿ ಕುಟ್ಟಿ ಈ ಕ್ಯಾನು ತಯಾರಿಸಿದ್ದ.

"ನೋಡು ಲಾರೆನ್ಸ್, ಇದನ್ನ ಮೂರಕ್ಕೆ ತಿರುಗಿಸಿದ್ರೆ ನಮ್ಮಿಬ್ಬರ ಸುತ್ತಮುತ್ತ ಉಗಿಯ ಕಾಲ. ಅದಕ್ಕಿಂತ ಮುಂದಿಂದು ಯಾವುದೂ ಕೆಲಸ ಮಾಡಲ್ಲ. ನಿನ್ನ ಕಾಲಕ್ಕೆ ನಾನೇ ಇಳಿದು ಬರ್ತಿದೀನಿ ಕಣೋ! ನ್ಯಾಯವಾಗಿ ಯುದ್ಧ ಮುಗಿಸೋಣ. ಒಪ್ಪಿದೆಯಾ?"

ಲಾರೆನ್ಸನ ಮುಖ ಸ್ವಲ್ಪ ಸಡಿಲವಾಯಿತು. "ಒಪ್ಪಿದೆ," ಎಂದ.

"ನಂಗೂ ಒಪ್ಪಿದೆ!" ಎಂದು ಫಣೀಶ ರೆಗ್ಯುಲೇಟರ್ ತಿರುಗಿಸಿದ.

ಕಟ್! ತಲೆಯ ಮೇಲಿನ ಫ್ಯಾನು ನಿಂತಿತು. ಫ್ರಿಜ್ಜು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಮೂವರ ಫೋನುಗಳೂ ಕಪ್ಪಾದವು. ಅಷ್ಟರಲ್ಲಿ ಅಡುಗೆಮನೆಯಿಂದ ಕೂ ಎಂದು ಒಂದು ಸೀಟಿ! ಬೆಳಗ್ಗೆ ತೊಳೆದು ಬೋರಲು ಹಾಕಿದ್ದ ಕುಕ್ಕರು, ಒಲೆ ಇಲ್ಲದೆ, ನೀರಿಲ್ಲದೆ, ತಾನೇ ತಾನಾಗಿ ಹೊಗೆಯುಗುಳುತ್ತ ಸಿಂಕಿನಲ್ಲಿ ಕುಣಿಯುತ್ತಿತ್ತು. ಇಡ್ಲಿ ಪಾತ್ರೆ ಮುಚ್ಚಳ ಬಡಿದು ತಾಳ ಹಾಕಿತು.

"ಅಬ್ಬಾ!" ಎಂದು ಲಾರೆನ್ಸ್ ಎದ್ದು ನಿಂತ. ಕಣ್ಣು ಹೊಳೆಯುತ್ತಿತ್ತು. "ಥೇಟ್ ನಮ್ಮಪ್ಪನ ಗಾಡಿ ಸೀಟಿ ಕಣೋ!"

ಸುಚೇತಾಗೂ ಖುಷಿಯಾಯಿತು. ಆಗಿದ್ದು ಅರೆಗಳಿಗೆ ಮಾತ್ರ.

"ರೀ, ಒಂದು ಸಣ್ಣ ಅನುಮಾನ. ಉಗಿಯ ಕಾಲದಲ್ಲಿ ಇಂಟರ್ನೆಟ್ ಎಲ್ಲಿಂದ ಬರುತ್ತೆ?"

ಫಣೀಶ ರೆಗ್ಯುಲೇಟರನ್ನೇ ನೋಡಿದ. "ಅದನ್ನ... ಅದನ್ನ ಯೋಚನೆ ಮಾಡಿರಲಿಲ್ಲ."

"ಸರಿ, ವಾಪಸ್ ನಾಲ್ಕಕ್ಕೆ ತಿರುಗಿಸಿ."

ಅವನು ತಿರುಗಿಸಿದ. ಗುಂಡಿ ಅಲುಗಲಿಲ್ಲ. ಲಾರೆನ್ಸ್ ಬಗ್ಗಿ ಗೋಡೆಯಿಂದ ವೈರನ್ನೇ ಕಿತ್ತ. ಯಂತ್ರಕ್ಕೆ ಏನೂ ಆಗಲಿಲ್ಲ.

"ಉಗಿಯ ಕಾಲದಲ್ಲಿ ವೈರು ಅಂದ್ರೆ ಬಟ್ಟೆ ಒಣಹಾಕೋ ದಾರ, ಅಷ್ಟೇ," ಎಂದು ಫಣೀಶ ಹೆಮ್ಮೆಯಿಂದಲೇ ವಿವರಿಸಿದ. "ಆಟದ ನಿಯಮ ಎಲ್ಲ ಇದರೊಳಗೆ ಹಾಕಿದೀನಿ. ಮಟ್ಟ ಬದಲಾಗಬೇಕಾದ್ರೆ ಇಬ್ಬರು ಅರಸರೂ ಒಂದೇ ಮಾತಿಗೆ 'ಒಪ್ಪಿದೆ' ಅನ್ನಬೇಕು."

ಸುಚೇತಾ ಹಣೆಗೆ ಕೈ ಹಚ್ಚಿಕೊಂಡಳು. ಈ ಇಬ್ಬರೂ ಇಡೀ ಜೀವಮಾನದಲ್ಲಿ ಒಂದೇ ಮಾತಿಗೆ ಒಪ್ಪಿದ್ದು ಈಗ ಐದು ನಿಮಿಷದ ಹಿಂದೆ, ಅದೂ ಅಪ್ಪಿತಪ್ಪಿ. "ಹಾಗಾದ್ರೆ ನಾಲ್ಕಕ್ಕೆ ಒಪ್ಪಿದೆ ಅನ್ನಿ, ಮುಗೀತು!"

"ನಾಲ್ಕಕ್ಕೆ ಒಪ್ಪಿದೆ," ಎಂದ ಲಾರೆನ್ಸ್.

"ನಾಲ್ಕೇನೋ, ಐದಕ್ಕೇ ಹೋಗೋಣ! ಐದನ್ನ ನಾನಿನ್ನೂ ನೋಡೇ ಇಲ್ಲ," ಎಂದ ಫಣೀಶ.

"ನೋಡಿ ಜಡ್ಜಮ್ಮ! ಅವತ್ತೂ ಇದೇ ಬುದ್ಧಿ, ಇವತ್ತೂ ಇದೇ ಬುದ್ಧಿ!"

"ಏನೋ ಬುದ್ಧಿ? ಐದು ಬಂದ್ರೆ ನಿಂಗೇನ್ ಕಷ್ಟ? ಹೊಗೆ ಕುಡ್ಕೊಂಡು ಕೂತಿರೋನು!"

ಟಣ್! ಎಂದು ಯಂತ್ರ ಗಂಟೆ ಬಾರಿಸಿ, ತಾನಾಗಿ ಎರಡಕ್ಕೆ ತಿರುಗಿತು. ದಂಡ!

ಕುಕ್ಕರು ಮಾತು ನಿಲ್ಲಿಸಿತು. ಗೋಡೆ ಗಡಿಯಾರ ನಿಂತಿತು. ಕಬ್ಬಿಣದ ಕಾಲದಲ್ಲಿ ಏನೇನು ಇರಲಿಲ್ಲ ಎನ್ನುವುದು ಒಂದೊಂದಾಗಿ ತಿಳಿಯತೊಡಗಿತು. ಮೊದಲನೆಯದಾಗಿ, ಎಲಾಸ್ಟಿಕ್ ಇರಲಿಲ್ಲ. ಫಣೀಶನ ಪೈಜಾಮ ಸರ್‍ರೆಂದು ಇಳಿಯತೊಡಗಿತು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಲಾರೆನ್ಸ್ ಬಿದ್ದು ಬಿದ್ದು ನಗುತ್ತಿದ್ದವನು ತಟ್ಟನೆ ನಿಲ್ಲಿಸಿದ. ಪ್ಯಾಂಟಿನ ಜಿಪ್ಪು ಕೂಡ ಆಗ ಇರಲಿಲ್ಲ! ಇಡೀ ಮನೆಯಲ್ಲಿ ಉತ್ಸಾಹದಿಂದಿದ್ದದ್ದು ಈಳಿಗೆಮಣೆ ಒಂದೇ. ಅದು ಫಳಫಳ ಹೊಳೆಯುತ್ತಿತ್ತು. ಸುಚೇತಾ ಬೀರುವಿನಿಂದ ಎರಡು ಪಂಚೆ ತಂದು ಇಬ್ಬರ ಮೇಲೂ ಎಸೆದಳು.

"ಉಟ್ಕೊಳ್ಳಿ, ನಡೀರಿ. ಜಯಶೀಲಮ್ಮನ ಮನೇಲಿ ಕಂಪ್ಯೂಟರ್ ಇದೆ."

ಪಕ್ಕದ ಮನೆಯ ಜಯಶೀಲಮ್ಮ ಧಾರಾವಾಹಿಯ ಅತಿ ಮುಖ್ಯ ಘಟ್ಟದಲ್ಲಿದ್ದರು. ಸೊಸೆ ಹಾಲಿನ ಲೋಟ ಎತ್ತಿದ್ದಾಳೆ, ಅದರಲ್ಲಿ ವಿಷವಿದೆಯೋ ಇಲ್ಲವೋ ಎಂಬುದು ಈಗಷ್ಟೇ ತಿಳಿಯಬೇಕು. ಪಂಚೆಯುಟ್ಟ ಇಬ್ಬರು ಅರಸರು ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ಟಿವಿ ಆರಿತು, ಫ್ಯಾನು ನಿಂತಿತು, ಮೂಲೆಯ ಕಂಪ್ಯೂಟರು ಕಣ್ಣು ಮುಚ್ಚಿತು.

"ಅಯ್ಯೋ ನನ್ನ ಹಾಲಿನ ಲೋಟ!" ಎಂದು ಜಯಶೀಲಮ್ಮ ಕಿರುಚಿದರು. "ಫಣೀಶಾ, ಮತ್ತೇನಪ್ಪಾ ಮಾಡ್ಕೊಂಡು ಬಂದೆ? ಹೋದ್ ಸಲ ನಿನ್ನ ದೋಸೆ ಮಗುಚೋ ಮೆಷೀನು ದೋಸೆನ ತಂದು ನನ್ನ ತುಳಸಿಕಟ್ಟೆಗೆ ಎಸೀತು. ಈಗ ಪಂಚೆ ಉಟ್ಕೊಂಡು ಜೊತೆಗಾರನ್ನ ಬೇರೆ ಕರ್ಕೊಂಡು ಬಂದಿದೀಯ!"

"ಅಮ್ಮಾ, ಅರಸ ಎಲ್ಲಿ ಹೋದ್ರೂ ಅವನ ಕಾಲ ಅವನ ಜೊತೆಗೇ ಬರುತ್ತೆ. ಅದು ಯಂತ್ರದ ವಿಶೇಷ..."

"ಯಾವ ಅರಸನೋ? ಮೊದ್ಲು ಆಚೆ ನಡಿ!"

ಬೀದಿಯಲ್ಲಿ ನಿಂತು ಸುಚೇತಾ ತಲೆ ಓಡಿಸಿದಳು. ಆರಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. "ನೀವಿಬ್ಬರೂ ಇಲ್ಲೇ ಇರಿ. ನನ್ನ ಮೇಲೆ ಯಾವ ದಂಡವೂ ಇಲ್ಲ. ಬೀದಿ ಕೊನೆಗೆ ಹೋದ್ರೆ ಫೋನ್ ಜೀವ ಬರುತ್ತೆ. ಪಾಸ್‌ವರ್ಡ್ ಹೇಳಿ, ಬೇಕಾದ್ರೆ ನಾನೇ..."

ಇಬ್ಬರೂ ಬೆಪ್ಪಾಗಿ ನೆಲ ನೋಡಿದರು.

"ಹೇಳ್ರೀ!"

"ನಿನ್ನ ಹೆಸರೇ," ಎಂದು ಫಣೀಶ ನಾಚಿ ಹೇಳಿದ. "ಹಿಂದೆ ಒಂದು ಎರಡು ಮೂರು."

ಸುಚೇತಾಳ ಕೆನ್ನೆ ಬೆಚ್ಚಗಾಯಿತು. ಹದಿನೆಂಟು ವರ್ಷದಲ್ಲಿ ಈ ಮನುಷ್ಯ ಇದನ್ನೊಮ್ಮೆಯೂ ಬಾಯಿಬಿಟ್ಟಿರಲಿಲ್ಲ! "ಲಾರೆನ್ಸ್, ನಿಮ್ಮದು?"

ಲಾರೆನ್ಸ್ ಗಂಟಲು ಸರಿಮಾಡಿಕೊಂಡ. "ಅದೇ."

"ಅದೇ ಅಂದ್ರೆ?" ಎಂದು ಫಣೀಶ ಕೆಂಪಾದ.

"ಲೋ, ಆ ಅಂಗಡೀಲಿ ಕೂರ್ತಿದ್ದ ಎಲ್ಲಾ ಹುಡುಗರದ್ದೂ ಅದೇ ಕಣೋ! ನೆನಪಿಟ್ಕೊಳ್ಳೋಕೆ ಸುಲಭ ಅಂತ!"

"ನನ್ನ ಹೆಂಡತಿ ಹೆಸರಲ್ಲಿ ನೀನು ಬಾಗಿಲು ತೆಗೀತಿದ್ಯೇನೋ?"

"ಆಗ ಅವರು ನಿನ್ನ ಹೆಂಡತಿ ಆಗಿರಲಿಲ್ಲವಲ್ಲೋ!"

ಮನೆಯೊಳಗಿನಿಂದ ಟಣ್ ಎಂದು ಕೇಳಿಸಿತು. ಒಂದನೇ ನಂಬರು. ಕಲ್ಲಿನ ಕಾಲ!

ಫಣೀಶನ ಕನ್ನಡಕ ಮಂಜಾಯಿತು. ಗೇಟಿನ ಚಿಲಕ ಜಗ್ಗಿದರೂ ತೆರೆಯಲಿಲ್ಲ. ಇಬ್ಬರೂ ಪಂಚೆ ಎತ್ತಿ ಕಟ್ಟಿ ಕಾಂಪೌಂಡು ಹಾರಿ ಒಳಗೆ ಹೋದದ್ದನ್ನು ನೋಡಿ, ಸುಚೇತಾ ಬೀದಿಯ ಕೊನೆಗೆ ಓಡಿದಳು.

ಅಲ್ಲಿ ಹುಣಸೆ ಮರದ ಕೆಳಗೆ ಅವಳ ಫೋನಿಗೆ ಜೀವ ಬಂತು. ಭೂಮಂಡಲ ತೆರೆಯಿತು. ಕನ್ನಡದ ಮೂಲೆ ಹಾಗೇ ಇತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಆ ಕಾಲದ ಕನ್ನಡವೂ ಹಾಗೇ ಇತ್ತು. ಹಾರುವ ಹಸುಗಳ ಹಾಲಿನ ಡೈರಿಯ ಉದ್ಘಾಟನೆ. ಬಂಗಾರಗಿರಿಯ ಮೊದಲ ರೈಲಿಗೆ ಅರಸನ ಅಪ್ಪನ ಹೆಸರು. ಓದುತ್ತ ಓದುತ್ತ ಅವಳಿಗೆ ಪ್ಲೈವುಡ್ಡಿನ ವಾಸನೆ, ಊದುಬತ್ತಿಯ ವಾಸನೆ ಮೂಗಿಗೆ ಬಡಿದಂತಾಯಿತು. ಯುದ್ಧದ ಪುಟದ ಕೊನೆಯಲ್ಲಿ, 'ಮುಳುಗಿವೆ', 'ಇಲ್ಲ' ಎಂಬ ಉದ್ದನೆಯ ಸಾಲಿನ ಕೆಳಗೆ, ಒಂದೇ ಒಂದು ಮಾತು ಅವಳದ್ದಿತ್ತು. 'ಇಬ್ಬರೂ ಜಗಳ ನಿಲ್ಲಿಸಿ. ಅಪ್ಪ ಅಂಗಡಿ ಮುಚ್ಚುತ್ತಿದ್ದಾರೆ.'

ಪಾಸ್‌ವರ್ಡ್ ಎರಡೂ ಗೊತ್ತಿತ್ತು. ಎರಡು ಸಲ 'ಒಪ್ಪಿದೆ' ಎಂದು ಒತ್ತಿದರೆ ಮುಗಿಯುತ್ತಿತ್ತು. ಬೆರಳು ಮುಂದಾಯಿತು. ಆದರೆ ಎಷ್ಟೆಂದರೂ ಅವಳು ಜಡ್ಜಮ್ಮ. ಒಪ್ಪದವರ ಹೆಸರಿನಲ್ಲಿ ಕಳ್ಳ ಸಹಿ ಹಾಕುವ ಪೈಕಿ ಅಲ್ಲ. ಹಾಗೆ ಬರೆದ ಸಂಧಿಯಿಂದ ಅವಳಿಗೇನೂ ಬೇಕಿರಲಿಲ್ಲ. ನೋಡುತ್ತ ನಿಂತಳು. ಆರು ಹೊಡೆಯಿತು. ಪುಟ ಬೆಳ್ಳಗಾಯಿತು.

ಸುಚೇತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೋಪವೂ ಬಂತು. ಇಬ್ಬರಿಗೂ ಸರಿಯಾಗಿ ಮಂಗಳಾರತಿ ಎತ್ತಬೇಕೆಂದು ನಿರ್ಧರಿಸಿಯೇ ಮನೆಗೆ ಹೊರಟಳು. ಮುಂದಿನ ಗೇಟು ತೆರೆಯದಿದ್ದುದರಿಂದ ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿತ್ತಲ ಗೋಡೆಯ ಮುರಿದ ಕಡೆಯಿಂದ ನುಗ್ಗಿದಳು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಒಂದೊಂದು ಚೂಪು ಜಲ್ಲಿಕಲ್ಲು. ನಡುವೆ ಲಾರೆನ್ಸನ ಕೇಕು, ಬಹುಪಾಲು ಖಾಲಿ. ಒಂದಕ್ಕಿಂತ ಕೆಳಗೆ ಇನ್ನು ನಂಬರಿರಲಿಲ್ಲ, ಹಾಗಾಗಿ ಜಗಳಕ್ಕೂ ರುಚಿ ಉಳಿದಿರಲಿಲ್ಲ. ಕಲ್ಲಿನ ಕಾಲದಲ್ಲಿ ಮಾಡುವುದಕ್ಕೆ ತಾನೇ ಏನಿದೆ? ತಿನ್ನಬೇಕು, ಇಲ್ಲವೇ ಕಲ್ಲು ಕೆತ್ತಬೇಕು.

"ಐದು ಮುಳುಗಿತು ಅಂತಿಟ್ಕೋ," ಎನ್ನುತ್ತಿದ್ದ ಫಣೀಶ.

"ಎರಡು. ಅದೂ ಬಿರುಗಾಳಿಯಿಂದ."

"ನಾಲ್ಕು?"

"ಫಣಿ, ನಿಜ ಹೇಳು. ನೀನು ಮುಳುಗಿಸಿದ್ದು ಒಂದೇ. ನಿನ್ನ ಮದುವೆ ದಿನ."

ಫಣೀಶ ಕನ್ನಡಕ ತೆಗೆದ. ಪಂಚೆಯ ತುದಿಯಲ್ಲಿ ಒರೆಸಿದ. "ಚೆನ್ನಾಗಿತ್ತು ಕಣೋ ಅದು. ಆ ಮದುವೆ ಊಟದಲ್ಲಿ ಅದೊಂದೇ ರುಚಿಯಾಗಿತ್ತು. ನೀನು ಬರ್ತೀಯ ಅಂತ ಬಾಗಿಲ ಕಡೆನೇ ನೋಡ್ತಿದ್ದೆ, ಗೊತ್ತಾ? ತಾಳಿ ಕಟ್ಟೋವಾಗಲೂ."

"ಬಂದಿದ್ದೆ. ಛತ್ರದ ಆಚೆ ಸೈಕಲ್ ಹಿಡ್ಕೊಂಡು ನಿಂತಿದ್ದೆ."

ಸುಚೇತಾ ಕಟ್ಟಿಕೊಂಡು ಬಂದಿದ್ದ ಬೈಗುಳವೆಲ್ಲ ಮರೆತುಹೋಯಿತು. "ಅಂಗಡಿ ಮುಚ್ಚಿತು," ಎಂದಳು ಮೆಲ್ಲಗೆ.

ಇಬ್ಬರೂ ತಲೆ ಎತ್ತಿದರು. ಪಕ್ಕದಲ್ಲಿ ಜಯಶೀಲಮ್ಮ ಯಾರನ್ನೋ ಶಪಿಸುತ್ತಿದ್ದುದು ಕೇಳಿಸುತ್ತಿತ್ತು.

"ಹೋಗ್ಲಿ ಬಿಡಿ," ಎಂದ ಲಾರೆನ್ಸ್. "ಕಲ್ಲಿನ ಮೇಲೆ ಬರೆದದ್ದನ್ನ ಯಾರೂ ಆರು ಗಂಟೆಗೆ ಅಳಿಸಲ್ಲ. ಮುಗಿಸೋಣ."

"ಕಲ್ಲಿನ ಕಾಲದಲ್ಲಿ ಅಕ್ಷರ ಎಲ್ಲಿ..." ಎಂದು ಶುರು ಮಾಡಿದ ಫಣೀಶ, ಹೆಂಡತಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಹೀಗೆ ಒಂಟಿಕೊಪ್ಪಲಿನ ಒಗೆಯುವ ಕಲ್ಲಿನ ಮೇಲೆ ಒಂದು ಶಾಸನ ಮೂಡಿತು. ಶಾಸ್ತ್ರೋಕ್ತವಾಗಿ ಮೇಲೊಬ್ಬ ಸೂರ್ಯ, ಒಬ್ಬ ಚಂದ್ರ. ಕೆಳಗೆ, 'ಹಡಗು ಏಳು. ಆರು ತೇಲುತ್ತಿವೆ. ಒಂದನ್ನು ಮಹಾವ್ಯೋಮದವನು ತಿಂದನು. ಉಪ್ಪಿನ ದ್ವೀಪ ಇಬ್ಬರದ್ದು. ಇಬ್ಬರೂ ಒಂದೇ ಸೂರಿನಡಿ ಕೂತಾಗ ಉಗಿಯ ಕಾಲ, ಉಳಿದಂತೆ ಇಬ್ಬರಿಗೂ ಕರೆಂಟಿನ ಕಾಲ. ಇದನ್ನು ಅಳಿಸಿದವರ ಬಟ್ಟೆ ಎಂದೂ ಒಣಗದಿರಲಿ.' ಕೊನೆಯ ಶಾಪ ಫಣೀಶನದ್ದು. ಜಡ್ಜಮ್ಮ ಕೇಕಿನ ಕೆನೆಯಲ್ಲಿ ಹೆಬ್ಬೆರಳದ್ದಿ ಅದರ ಕೆಳಗೆ ಒತ್ತಿದಳು.

"ಒಪ್ಪಿದೆ," ಎಂದ ಲಾರೆನ್ಸ್.

"ಒಪ್ಪಿದೆ," ಎಂದ ಫಣೀಶ.

ಒಳಗೆ ಕಟ್, ಕಟ್ ಎಂದು ರೆಗ್ಯುಲೇಟರ್ ಮೇಲೇರಿತು. ಕುಕ್ಕರು ಕೂ ಎಂದಿತು. ಅಲ್ಲಿಗೇ ನಿಂತಿತು, ಮೂರರಲ್ಲಿ! ಏಕೆ ಎಂಬುದು ತಿಳಿದದ್ದು ಲಾರೆನ್ಸ್ ವಿದಾಯ ಹೇಳಿ ಗೇಟು ದಾಟಿದಾಗ. ಆ ಕ್ಷಣ ಕಟ್ ಎಂದು ನಾಲ್ಕಕ್ಕೆ ಏರಿ ಫ್ಯಾನು ತಿರುಗಿತು, ಫ್ರಿಜ್ಜು ಗೊಣಗಿತು, ಪಕ್ಕದ ಮನೆಯಲ್ಲಿ ಟಿವಿ ಅಬ್ಬರಿಸಿತು. ಯಂತ್ರ ಶಾಸನವನ್ನು ಅಕ್ಷರಶಃ ಪಾಲಿಸುತ್ತಿತ್ತು. ಫಣೀಶ ಅದನ್ನು ಬಿಚ್ಚಿದ, ಬಡಿದ, ಕೊನೆಗೆ ಕ್ಯಾನನ್ನು ಖಾಲಿ ಮಾಡಿ ಹಾಲಿನವನಿಗೇ ಕೊಟ್ಟುಬಿಟ್ಟ. ಏನೂ ಬದಲಾಗಲಿಲ್ಲ. ಸೂರ್ಯಚಂದ್ರರನ್ನು ಸಾಕ್ಷಿ ಇಟ್ಟ ಮೇಲೆ ಬದಲಾಗುವುದಾದರೂ ಹೇಗೆ?

ಈಗ ಪ್ರತಿ ಭಾನುವಾರ ಲಾರೆನ್ಸ್ ಬರುತ್ತಾನೆ. ಅವನು ಗೇಟು ದಾಟಿದ ಕೂಡಲೇ ಮನೆಯಲ್ಲಿ ಕರೆಂಟು ಹೋಗುತ್ತದೆ, ಕುಕ್ಕರು ಸೀಟಿ ಹಾಕುತ್ತದೆ, ಇಬ್ಬರೂ ಜಗಲಿಯಲ್ಲಿ ಬೀಸಣಿಗೆ ಹಿಡಿದು ಉಪ್ಪಿನ ದ್ವೀಪಕ್ಕೆ ರೈಲು ಹಾಕುವ ಬಗ್ಗೆ ಕಿತ್ತಾಡುತ್ತಾರೆ. ಫೋನಿಲ್ಲದ ಆ ಸಂಜೆ ಸುಚೇತಾಗೂ ಹಿತವೇ. ಜಯಶೀಲಮ್ಮ ಧಾರಾವಾಹಿಯ ಸಮಯ ನೋಡಿಕೊಂಡು, ಲಾರೆನ್ಸನಿಗೆ ಬರುವ ಹೊತ್ತು ಹೋಗುವ ಹೊತ್ತು ಗೊತ್ತು ಮಾಡಿಕೊಟ್ಟಿದ್ದಾರೆ.

"ನಿಮಗೇನೂ ತೊಂದರೆ ಆಗ್ತಿಲ್ವೇನಮ್ಮಾ?" ಎಂದು ಅವರು ಒಮ್ಮೆ ಗೋಡೆಯಾಚೆಯಿಂದ ಕೇಳಿದರು.

ಸುಚೇತಾ ಶಾಸನದ ಮೇಲೆ ಗಂಡನ ಪೈಜಾಮ ಕುಸುಬುತ್ತಿದ್ದಳು. "ತೊಂದರೆ ಏನಿಲ್ಲ ಕಣ್ರೀ," ಎಂದಳು. "ಚಟ್ನಿ ಮಾತ್ರ ಅವರು ಬರೋಕ್ ಮುಂಚೆನೇ ರುಬ್ಬಿಟ್ಟುಕೋಬೇಕು."